ಹಳೆಯ ಕಾರಿಗೆ ಅಲ್ಯೂಮಿನಿಯಮ್ ರೇಡಿಯೇಟರು: ನಾವು ಕೊಟ್ಟ ಒಂದು ತಪ್ಪು ಸಲಹೆ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಬರುವ ಹಾದಿಯಲ್ಲಿ, ಹುಣಿಸೆಯ ಮರವೊಂದರ ನೆರಳಿನಲ್ಲಿ, ಹಳೆಯ ಅಂಬಾಸಡರ್ ಕಾರೊಂದು ಬಾನೆಟ್ಟು ತೆರೆದುಕೊಂಡು ನಿಂತಿತ್ತು. ರೇಡಿಯೇಟರಿನಿಂದ ಆವಿ ಬುಸುಗುಟ್ಟುತ್ತಿತ್ತು. ಕಾರಿನ ಯಜಮಾನರು ಹೊಸದುರ್ಗದ ಕಡೆಯ ವೃದ್ಧರು. ಒಂದು ಕಾಲದಲ್ಲಿ ಅದೇ ಕಾರನ್ನು ಬಾಡಿಗೆಗೆ ಓಡಿಸಿ ಸಂಸಾರವನ್ನು ಸಾಗಿಸಿದವರು. ಅವರ ಮೊಮ್ಮಗನು ನಮ್ಮ ತರಗತಿಯ ವಿದ್ಯಾರ್ಥಿ. ಆ ಪರಿಚಯದ ಮೇಲೆ ಅವರು ನಮ್ಮನ್ನು ಕೇಳಿದರು: “ಮೇಷ್ಟ್ರೆ, ಇದನ್ನ ತೆಗೆದು ಅಲ್ಯೂಮಿನಿಯಂ ರೇಡಿಯೇಟ್ರು ಹಾಕಿಸಿದ್ರೆ ಕಾಯೋದು ನಿಲ್ತೈತಂತೆ. ಹಾಕಿಸ್ಲಾ?”

ಮೊಮ್ಮಗನೂ ಪಕ್ಕದಲ್ಲಿದ್ದ. “ಅಲ್ಯೂಮಿನಿಯಮ್ ಒಳ್ಳೆಯ ಉಷ್ಣವಾಹಕವಲ್ಲವೇ ಸಾರ್?” ಎಂದ. ನಮಗೆ ಕಾಲೇಜಿಗೆ ಹೊತ್ತಾಗಿತ್ತು. “ಹೌದು, ಹಾಕಿಸಬಹುದು” ಎಂದು ಹೇಳಿ ಮುಂದೆ ಹೊರಟೆವು.

ಭೌತವಿಜ್ಞಾನದ ಅಧ್ಯಾಪಕರ ಮಾತೆಂದು ಆ ವೃದ್ಧರು ಅದನ್ನು ನಂಬಿ, ಒಂದು ಹಸುವನ್ನು ಮಾರಿ ಬಂದ ಹಣದಲ್ಲಿ ಹೊಸ ರೇಡಿಯೇಟರನ್ನು ತರಿಸಿ ಕೂರಿಸಿದರು. ಹದಿನಾಲ್ಕು ತಿಂಗಳು ಕಳೆಯುವುದರೊಳಗಾಗಿ ಅದು ಸೂಜಿಮೊನೆಯಂಥ ತೂತುಗಳಿಂದ ಸೋರತೊಡಗಿತು. ಕಾಯುವುದೂ ಪೂರ್ತಿಯಾಗಿ ನಿಂತಿರಲಿಲ್ಲ. ಈ ಲೇಖನವನ್ನು ಬರೆಯುವುದಕ್ಕೆ ಕಾರಣ ಇದೇ. ತಪ್ಪು ರೇಡಿಯೇಟರನ್ನು ಮಾಡಿದವರದಲ್ಲ, ಮಾರಿದವರದೂ ಅಲ್ಲ. ಪ್ರಶ್ನೆಯನ್ನು ಬಿಡಿಸದೆಯೇ ಉತ್ತರ ಹೇಳಿದ ನಮ್ಮದು. ಇದೇ ಉತ್ತರವನ್ನು ಈಗ ಎಷ್ಟೋ ತರುಣರು ತಮ್ಮ ಮನೆಯ ಹಳೆಯ ಅಂಬಾಸಡರಿಗೂ ಪ್ರೀಮಿಯರ್ ಪದ್ಮಿನಿಗೂ ಹೇಳುತ್ತಿರುವುದನ್ನು ನಾವು ಕೇಳುತ್ತಿದ್ದೇವೆ. ಆದುದರಿಂದ ಅದನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದು ಅವಶ್ಯ.

ಮೊದಲು ಹೆಸರಿನ ಗೊಂದಲವನ್ನು ಕಳೆಯೋಣ. ರೇಡಿಯೇಟರ್ ಎಂದರೆ ವಿಕಿರಣ ಮಾಡುವುದು ಎಂದರ್ಥ. ಆದರೆ ಕಾರಿನ ರೇಡಿಯೇಟರು ವಿಕಿರಣದಿಂದ ಹೊರಕ್ಕೆ ಕಳುಹುವ ಶಾಖ ನೂರಕ್ಕೆ ಒಂದೆರಡು ಪಾಲು ಮಾತ್ರ. ಉಳಿದುದೆಲ್ಲವೂ ಕೊಳವೆಗಳ ನಡುವೆ ನುಗ್ಗುವ ಗಾಳಿಯ ಬೆನ್ನೇರಿ ಹೋಗುವುದು, ಎಂದರೆ ಸಂವಹನದಿಂದ. ಪೆಟ್ರೋಲು ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಚಕ್ರವನ್ನು ತಿರುಗಿಸುತ್ತದೆ, ಇನ್ನೊಂದು ಪಾಲು ಹೊಗೆಯೊಡನೆ ಹೋಗುತ್ತದೆ, ಮತ್ತೊಂದು ಪಾಲು ನೀರಿಗೆ ಸೇರುತ್ತದೆ. ಹೆದ್ದಾರಿಯಲ್ಲಿ ಹದವಾಗಿ ಓಡುವ ಅಂಬಾಸಡರಿನ ನೀರು 15 ಕಿಲೋವ್ಯಾಟಿನ ಆಸುಪಾಸಿನಷ್ಟು ಶಾಖವನ್ನು ಹೊರಬೇಕಾಗುವುದು. ಮನೆಯಲ್ಲಿ ನೀರು ಕಾಯಿಸುವ ಹತ್ತು ವಿದ್ಯುತ್ ಹೀಟರುಗಳನ್ನು ಒಟ್ಟಿಗೆ ಉರಿಸಿದಷ್ಟು ಅದು. ಈ ಶಾಖವನ್ನೆಲ್ಲ ಗಾಳಿಗೆ ಒಪ್ಪಿಸುವುದೇ ರೇಡಿಯೇಟರಿನ ಕೆಲಸ.

ಇನ್ನು ಲೋಹದ ವಿಷಯ. ಉಷ್ಣವಾಹಕತೆಯ ಕೋಷ್ಟಕವನ್ನು ತೆರೆದರೆ ತಾಮ್ರಕ್ಕೆ ಸುಮಾರು 400, ಶುದ್ಧ ಅಲ್ಯೂಮಿನಿಯಮಿಗೆ ಸುಮಾರು 237, ಹಿತ್ತಾಳೆಗೆ 110ರ ಆಸುಪಾಸು ಎಂದು ಕಾಣುವುದು. ಹಳೆಯ ರೇಡಿಯೇಟರಿನಲ್ಲಿ ನೀರು ಹರಿಯುವ ಕೊಳವೆಗಳು ಹಿತ್ತಾಳೆಯವು, ಅವಕ್ಕೆ ಅಂಟಿದ ರೆಕ್ಕೆಗಳು ತಾಮ್ರದವು, ಎರಡನ್ನೂ ಕೂಡಿಸಿರುವುದು ಸೀಸ–ತವರದ ಬೆಸುಗೆ. ತಾಮ್ರದ ಅಂಕಿಯನ್ನು ಹಿಡಿದವರು ಹಳೆಯದೇ ಉತ್ತಮವೆನ್ನುತ್ತಾರೆ. ಹಿತ್ತಾಳೆಯ ಅಂಕಿಯನ್ನು ಹಿಡಿದವರು ಅಲ್ಯೂಮಿನಿಯಮ್ ಉತ್ತಮವೆನ್ನುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಈ ವಾದವೇ ವ್ಯರ್ಥವಾದುದು. ಏಕೆಂದರೆ ಕೊಳವೆಯ ಗೋಡೆ ತೀರ ತೆಳು.

ಲೆಕ್ಕ ಮಾಡಿಯೇ ನೋಡೋಣ. ಹಿತ್ತಾಳೆಯ ಕೊಳವೆಯ ಗೋಡೆ 0.15 ಮಿಲಿಮೀಟರ್ ದಪ್ಪವೆಂದು ಇಟ್ಟುಕೊಳ್ಳಿ. ಒಂದು ಚದರ ಮೀಟರಿಗೆ ಅದು ಶಾಖಕ್ಕೆ ಒಡ್ಡುವ ತಡೆ 0.00015 ÷ 110, ಎಂದರೆ ಸುಮಾರು 0.0000014. ಕೊಳವೆಯ ಹೊರಮೈಯನ್ನು ಸವರಿಕೊಂಡಿರುವ ಗಾಳಿಯ ಪದರವಾದರೋ, ರೆಕ್ಕೆಗಳನ್ನು ಕೂರಿಸಿ ಮೈಯನ್ನು ಎಂಟು ಮಡಿ ಮಾಡಿದ ಮೇಲೂ, 0.0016ರಷ್ಟು ತಡೆಯನ್ನು ಒಡ್ಡುತ್ತದೆ. ಎರಡನೆಯದು ಮೊದಲನೆಯದರ ಸಾವಿರ ಪಟ್ಟಿಗೂ ಮಿಗಿಲು. ಪ್ರಯೋಗಶಾಲೆಯಲ್ಲಿ 1 ಓಮ್ ಮತ್ತು 1000 ಓಮ್ ರೋಧಗಳನ್ನು ಸಾಲಾಗಿ ಜೋಡಿಸಿ, ಆ 1 ಓಮನ್ನು ಅರ್ಧ ಮಾಡಿದರೆ ವಿದ್ಯುತ್ ಪ್ರವಾಹ ಎಷ್ಟು ಹೆಚ್ಚೀತು? ಅಮ್ಮೀಟರಿನ ಮುಳ್ಳು ಅಲುಗಿದುದೂ ತಿಳಿಯದು. ಗೋಡೆಯ ಲೋಹವನ್ನು ಬದಲಿಸುವುದೂ ಅಷ್ಟೇ.

1901ರ ಮರ್ಸಿಡಿಸ್ ಕಾರಿಗೆ ವಿಲ್ಹೆಲ್ಮ್ ಮೇಬಾಕ್ ರಚಿಸಿದ ಜೇನುಗೂಡಿನ ರೇಡಿಯೇಟರು ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ 8,070 ಪುಟ್ಟ ಚೌಕ ಕೊಳವೆಗಳಿದ್ದುವು. ಗಾಳಿ ಅವುಗಳೊಳಗಿಂದ ಹಾಯುತ್ತಿತ್ತು. ಗಾಳಿ ತಗಲುವ ಮೈಯನ್ನು ಹಿಗ್ಗಿಸಿದುದರಿಂದ ಸ್ವಲ್ಪವೇ ನೀರಿನಲ್ಲಿ 35 ಕುದುರೆಬಲದ ಎಂಜಿನು ತಣ್ಣಗಿರುವುದು ಸಾಧ್ಯವಾಯಿತು. ಅಂದಿನಿಂದ ಇಂದಿನವರೆಗೆ ಆ ಕಲೆಯ ಗುಟ್ಟು ಗಾಳಿಯ ಕಡೆಯಲ್ಲಿಯೇ ಇದೆ.

ಹಾಗಾದರೆ ಹೊಸ ಅಲ್ಯೂಮಿನಿಯಮ್ ರೇಡಿಯೇಟರು ಹಾಕಿಸಿದ ಕೂಡಲೆ ಕಾರು ತಣ್ಣಗಾಯಿತೆಂದು ಹೇಳುವವರು ಸುಳ್ಳು ಹೇಳುತ್ತಿರುವರೆ? ಇಲ್ಲ. ಅವರು ಕಂಡುದು ನಿಜ. ಕೊಟ್ಟ ಕಾರಣ ತಪ್ಪು. ಹೊಸದು ತಣಿಸಿದುದು ಅಲ್ಯೂಮಿನಿಯಮ್ ಆದುದರಿಂದಲ್ಲ, ಹೊಸದಾದುದರಿಂದ. ಅದರ ಕೊಳವೆಗಳು ಕಟ್ಟಿಕೊಂಡಿರಲಿಲ್ಲ, ರೆಕ್ಕೆಗಳು ಬಾಗಿರಲಿಲ್ಲ, ಬೆಸುಗೆಗಳು ಬಿಟ್ಟಿರಲಿಲ್ಲ. ಅಲ್ಯೂಮಿನಿಯಮಿನ ಕೊಳವೆಗಳನ್ನು ಹೆಚ್ಚು ಅಗಲವಾಗಿ ಮಾಡಬಹುದೆಂಬುದೂ, ಅದರ ಸಾಂದ್ರತೆ 2.7 ಮಾತ್ರವಾಗಿ ತಾಮ್ರದ 8.9ರ ಮುಂದೆ ಬಲು ಹಗುರವೆಂಬುದೂ ಸತ್ಯವೇ. ಇಂದಿನ ಹೊಸ ಕಾರುಗಳಲ್ಲೆಲ್ಲ ಅದೇ ಇರುವುದಕ್ಕೆ ಹಗುರವೂ ಬೆಲೆಯೂ ಮುಖ್ಯ ಕಾರಣ. ಆದರೆ ಓಟದ ಪಂದ್ಯಕ್ಕೆ ಹೋಗದ ಅಂಬಾಸಡರಿಗೆ ನಾಲ್ಕಾರು ಕಿಲೋ ಉಳಿಸಿ ಆಗಬೇಕಾದುದೇನು?

ಈಗ ನಿಜವಾದ ಅಪರಾಧಿಯ ಬಳಿಗೆ ಬರೋಣ. ಚಿತ್ರದುರ್ಗ ಜಿಲ್ಲೆಯ ಮನೆಗಳಲ್ಲಿ ಬಚ್ಚಲ ಹಂಡೆಯ ಒಳಮೈಯನ್ನು ಕೆರೆದು ನೋಡಿದವರಿಗೆ ಅದರ ಗುರುತು ಹೇಳಬೇಕಾಗಿಲ್ಲ. ನಮ್ಮ ಕೊಳವೆಬಾವಿಗಳ ನೀರು ಬಹುಪಾಲು ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಮ್ ಬೈಕಾರ್ಬೊನೇಟು ಕಾದೊಡನೆ ಒಡೆದು, ಕರಗದ ಕ್ಯಾಲ್ಸಿಯಮ್ ಕಾರ್ಬೊನೇಟಾಗಿ ಬಿಸಿಯಾದ ಮೈಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಲೀಟರಿಗೆ 500 ಮಿಲಿಗ್ರಾಂ ಗಡಸುತನವಿರುವ ನೀರನ್ನು ಉದಾಹರಣೆಗೆ ತೆಗೆದುಕೊಳ್ಳಿ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ, ಬೇರೆ ನೀರು ಸಿಗದ ಕಡೆ 600ರವರೆಗೆ ಕುಡಿಯಲು ಅಡ್ಡಿಯಿಲ್ಲ. ಆದುದರಿಂದ ಇದೇನೂ ಅತಿಶಯದ ಅಂಕಿಯಲ್ಲ. ಸೋರುವ, ಕುದಿಯುವ ರೇಡಿಯೇಟರಿಗೆ ದಿನಕ್ಕೊಂದು ಲೀಟರು ಇಂಥ ನೀರನ್ನು ಸುರಿದರೆ ವರ್ಷಕ್ಕೆ 180 ಗ್ರಾಮಿಗೂ ಹೆಚ್ಚು ಸುಣ್ಣ ಒಳಕ್ಕೆ ಹೋಗುತ್ತದೆ. ನೀರು ಆವಿಯಾಗಿ ಹೊರಟುಹೋಗುವುದು; ಸುಣ್ಣ ಹೋಗುವುದಿಲ್ಲ.

ಸುಣ್ಣದ ಪದರದ ಉಷ್ಣವಾಹಕತೆ 2ರ ಆಸುಪಾಸು. ಅರ್ಧ ಮಿಲಿಮೀಟರ್ ದಪ್ಪದ ಪದರವು ಶಾಖಕ್ಕೆ ಒಡ್ಡುವ ತಡೆ ಒಂದಂಗುಲಕ್ಕೂ ಮಿಗಿಲಾದ ಹಿತ್ತಾಳೆಯ ಗೋಡೆಗೆ ಸಮ. ಹಿಂದಿನ ಲೆಕ್ಕದೊಡನೆ ಹೋಲಿಸಿ: ಲೋಹವನ್ನು ಬದಲಿಸಿದರೆ ಸಿಗುವ ಲಾಭ ಸಾವಿರದಲ್ಲೊಂದು, ಅರ್ಧ ಮಿಲಿಮೀಟರ್ ಸುಣ್ಣದಿಂದಾಗುವ ನಷ್ಟ ನೂರಕ್ಕೆ ಹದಿನೈದು. ಕೊಳವೆಯೇ ಪೂರ್ತಿ ಕಟ್ಟಿಹೋದರಂತೂ ಅದರ ಪಾಲಿನ ರೆಕ್ಕೆಗಳೆಲ್ಲ ಬರಿಯ ಅಲಂಕಾರ.

ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ಸುಣ್ಣ ಹೆಚ್ಚಾಗಿ ಕಚ್ಚುವುದು ಅತ್ಯಂತ ಬಿಸಿಯಾದ ಎಡೆಯಲ್ಲಿ. ಕಾರಿನಲ್ಲಿ ಅಂಥ ಎಡೆ ರೇಡಿಯೇಟರಲ್ಲ. ಎಂಜಿನಿನ ಸಿಲಿಂಡರುಗಳ ಸುತ್ತಲಿನ, ಅದಕ್ಕೂ ಮಿಗಿಲಾಗಿ ಹೊಗೆ ಹೊರಡುವ ಕವಾಟಗಳ ಸುತ್ತಲಿನ ನೀರಿನ ಓಣಿಗಳು. ಅಂಬಾಸಡರಿನ 1489 ಘನ ಸೆಂಟಿಮೀಟರಿನ ಹಳೆಯ ಪೆಟ್ರೋಲ್ ಎಂಜಿನಿನ ಬ್ಲಾಕೂ ಹೆಡ್ಡೂ ಎರಕದ ಕಬ್ಬಿಣದವು. ಅಲ್ಲಿ ಸುಣ್ಣದ ಜೊತೆಗೆ ತುಕ್ಕೂ ಕೆಸರಿನಂತೆ ತಳಕ್ಕೆ ಕೂತಿರುತ್ತದೆ. ರೇಡಿಯೇಟರನ್ನು ಮಾತ್ರ ಬದಲಿಸಿದರೆ ಈ ಕೆಸರು ಇದ್ದಲ್ಲಿಯೇ ಇರುವುದು. ಸಾಲದೆಂಬಂತೆ ಹೊಸ ನೀರಿನ ರಭಸಕ್ಕೆ ಸಡಿಲವಾದ ಚಕ್ಕೆಗಳು ಹೊಸ ರೇಡಿಯೇಟರಿನ ಬಾಯಿಗೆ ಬಂದು ಸೇರುವುವು. ನಮ್ಮ ವೃದ್ಧ ಮಿತ್ರರ ಕಾರು ಹೊಸ ರೇಡಿಯೇಟರು ಹಾಕಿದ ಮೇಲೂ ಕಾಯುತ್ತಿದ್ದುದಕ್ಕೆ ಅರ್ಧ ಕಾರಣ ಇದು.

ತೂತುಗಳು ಬಿದ್ದುದೇಕೆ? ಸೋರಿದ ರೇಡಿಯೇಟರನ್ನು ಮೊಮ್ಮಗನು ಕಾಲೇಜಿಗೆ ಹೊತ್ತು ತಂದ. ಗರಗಸದಿಂದ ಅಡ್ಡಕ್ಕೆ ಕೊಯ್ದು ನೋಡಿದೆವು. ಒಳಗೆ ಗಂಜಿಯಂಥ ಬಿಳಿಯ ಲೋಳೆ, ಅಲ್ಲಲ್ಲಿ ಗುಳಿಗಳು. ಆ ಲೋಳೆ ಅಲ್ಯೂಮಿನಿಯಮ್ ಹೈಡ್ರಾಕ್ಸೈಡು. ಅಲ್ಯೂಮಿನಿಯಮ್ ಸ್ವಭಾವದಿಂದ ಬಲು ಚುರುಕಾದ ಲೋಹ. ಅದರ ಪ್ರಮಾಣ ವಿದ್ಯುದ್ವಿಭವ −1.66 ವೋಲ್ಟ್, ತಾಮ್ರದ್ದು +0.34 ವೋಲ್ಟ್. ಹೀಗಿದ್ದೂ ನಮ್ಮ ಅಡಿಗೆಮನೆಯ ಪಾತ್ರೆಗಳು ಕರಗಿಹೋಗದಿರುವುದಕ್ಕೆ ಕಾರಣ, ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ತೆಳುವಾದ ಆಕ್ಸೈಡಿನ ಪೊರೆ. ಪೊರೆ ಇರುವ ತನಕ ಲೋಹ ಕ್ಷೇಮ. ಹುಳಿಯಿಂದಲೂ ಕ್ಷಾರದಿಂದಲೂ ಈ ಪೊರೆ ಕರಗುತ್ತದೆ. ವಾಷಿಂಗ್ ಸೋಡಾದಿಂದ ಉಜ್ಜಿದ ಅಲ್ಯೂಮಿನಿಯಮ್ ಪಾತ್ರೆ ಕಪ್ಪಗಾಗುವುದನ್ನು ಎಲ್ಲರೂ ಕಂಡಿರಬಹುದು. ಉಪ್ಪಿನ ಅಂಶವಿರುವ ನೀರು ಅದನ್ನು ಅಲ್ಲಲ್ಲಿ ಚುಚ್ಚುತ್ತದೆ. ಇನ್ನು, ಹಳೆಯ ಕಾರಿನಲ್ಲಿ ಉಳಿದಿರುವ ಹಿತ್ತಾಳೆಯ ಭಾಗಗಳಿಂದ ನೀರಿಗೆ ಇಳಿದ ತಾಮ್ರದ ಅಯಾನುಗಳು ಅಲ್ಯೂಮಿನಿಯಮಿನ ಮೇಲೆ ಬಂದು ಕೂತರೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಹುಟ್ಟಿದಂತೆ. ತರಗತಿಯಲ್ಲಿ ವೋಲ್ಟನ ಕೋಶವನ್ನು ಕಟ್ಟಿ ತೋರಿಸುವ ನಾವು ರೇಡಿಯೇಟರಿನೊಳಗೆ ಅದೇ ಇದೆಯೆಂಬುದನ್ನು ಮರೆತಿದ್ದೆವು!

ಯಜಮಾನರು ಹೊಸ ರೇಡಿಯೇಟರಿಗೂ ಕೊಳವೆಬಾವಿಯ ನೀರನ್ನೇ ಸುರಿಯುತ್ತಿದ್ದರು. ಬೇರೆ ನೀರು ಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾಗಿದ್ದವರು ನಾವು.

ಇಂದಿನ ಕಾರುಗಳಲ್ಲಿ ಅದೇ ಅಲ್ಯೂಮಿನಿಯಮ್ ಹತ್ತು ವರ್ಷ ಬಾಳುವುದಲ್ಲವೆ ಎಂದು ವಾಚಕರು ಕೇಳಬಹುದು. ಬಾಳುತ್ತದೆ. ಏಕೆಂದರೆ ಅಲ್ಲಿ ಎಂಜಿನು, ಪಂಪು, ರೇಡಿಯೇಟರು, ಒಳಗಿನ ದ್ರವ ಇವೆಲ್ಲವನ್ನೂ ಒಂದಕ್ಕೊಂದು ಹೊಂದುವಂತೆ ಮೊದಲೇ ಯೋಚಿಸಿರುತ್ತಾರೆ. ನೀರಿಗೆ ಬೆರಸುವ ಕೂಲಂಟಿನಲ್ಲಿ ಎಥಿಲೀನ್ ಗ್ಲೈಕಾಲಿನ ಜೊತೆಗೆ ಲೋಹದ ಪೊರೆಯನ್ನು ಕಾಯುವ ಲವಣಗಳು ಇರುತ್ತವೆ. (ಕೂಲಂಟು ನೀರಿಗಿಂತ ಹೆಚ್ಚು ತಂಪು ಮಾಡುತ್ತದೆಂಬುದು ಮತ್ತೊಂದು ತಪ್ಪು ನಂಬಿಕೆ. ಶಾಖವನ್ನು ಹೊರುವುದರಲ್ಲಿ ಬರಿಯ ನೀರನ್ನು ಅದು ಮೀರಲಾರದು. ಅದರ ಕೆಲಸ ಕುದಿಬಿಂದುವನ್ನು ಏರಿಸುವುದು ಮತ್ತು ಲೋಹವನ್ನು ಕಾಯುವುದು.) ಅಲ್ಯೂಮಿನಿಯಮ್ ನಮಗೆ ವೈರಿಯಲ್ಲ. ಒಂದು ವ್ಯವಸ್ಥೆಯ ಒಂದೇ ಅಂಗವನ್ನು ಕಿತ್ತು ತಂದು ಇನ್ನೊಂದು ವ್ಯವಸ್ಥೆಗೆ ತೊಡಿಸುವುದನ್ನು ಮಾತ್ರ ನಾವು ಒಪ್ಪುವುದಿಲ್ಲ.

ಮುಂದೇನಾಯಿತೆಂದರೆ, ಯಜಮಾನರ ಪುಣ್ಯಕ್ಕೆ ಹಳೆಯ ಹಿತ್ತಾಳೆಯ ರೇಡಿಯೇಟರು ಗುಜರಿಗೆ ಹೋಗಿರಲಿಲ್ಲ; ದನದ ಕೊಟ್ಟಿಗೆಯ ಅಟ್ಟದಲ್ಲಿತ್ತು. ಅದನ್ನು ಹಿರಿಯೂರಿನಲ್ಲಿ ರೇಡಿಯೇಟರ್ ಕೆಲಸ ಮಾಡುವ ಹಿರಿಯರೊಬ್ಬರ ಬಳಿಗೆ ಒಯ್ದೆವು. ಹೆದ್ದಾರಿಯ ಲಾರಿಗಳ ರೇಡಿಯೇಟರುಗಳನ್ನು ಸರಿಮಾಡುತ್ತ ಕೂದಲು ನರೆತವರು. ಮೇಲಿನ ಬಾಯಿಯಿಂದ ನೀರು ಹೊಯ್ದು, ಕೆಳಗೆ ಅದು ಬೀಳುವ ಪರಿಯನ್ನು ನೋಡಿಯೇ ಅವರು ನುಡಿದರು: “ರೇಡಿಯೇಟ್ರು ಕೆಟ್ಟಿಲ್ಲ ಮೇಷ್ಟ್ರೆ, ನೀರು ಕೆಟ್ಟೈತೆ.” ನಾವು ಮೇಲೆ ಒಂದು ಪುಟದಷ್ಟು ಲೆಕ್ಕ ಹಾಕಿ ಹೇಳಿದುದನ್ನು ಅವರು ಒಂದು ಮಾತಿನಲ್ಲಿ ಮುಗಿಸಿದರು. ಮೇಲಿನ ತೊಟ್ಟಿಯ ಬೆಸುಗೆಯನ್ನು ಬಿಡಿಸಿ, ಚಪ್ಪಟೆಯಾದ ಕಂಬಿಯನ್ನು ಒಂದೊಂದು ಕೊಳವೆಯಲ್ಲಿಯೂ ಆಡಿಸಿ, ಸುಣ್ಣವನ್ನು ಉದುರಿಸಿ, ಮತ್ತೆ ಬೆಸೆದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಊದಿ ಪರೀಕ್ಷಿಸಿ ಕೊಟ್ಟರು. ಹೊಸ ರೇಡಿಯೇಟರಿಗಾದ ಖರ್ಚಿನಲ್ಲಿ ಇದೊಂದು ಚಿಕ್ಕ ಪಾಲು.

ಈ ಕೆಲಸ ಹಿತ್ತಾಳೆ–ತಾಮ್ರಗಳಿಗೆ ಮಾತ್ರ ಸಾಧ್ಯ. ಅಲ್ಯೂಮಿನಿಯಮಿನ ಆಕ್ಸೈಡಿನ ಪೊರೆ ಸಾಮಾನ್ಯ ಬೆಸುಗೆಯನ್ನು ಅಂಟಗೊಡುವುದಿಲ್ಲ. ಆರ್ಗಾನ್ ಅನಿಲದ ಆಸರೆಯಲ್ಲಿ ಮಾಡುವ ಬೆಸುಗೆ ಬೇಕು. ಹಿತ್ತಾಳೆಯ ರೇಡಿಯೇಟರುಗಳು ಗುಜರಿಯ ತಕ್ಕಡಿಗೆ ಏರಿದಂತೆಲ್ಲ ಹಿರಿಯೂರಿನ ಆ ಹಿರಿಯರಂಥವರ ಕೈಕೆಲಸವೂ ಕಡಮೆಯಾಗುತ್ತಿದೆ. ಚಿತ್ರದುರ್ಗದ ಪಕ್ಕದ ಇಂಗಳದಾಳ್‌ನಲ್ಲಿ ಒಂದು ಕಾಲಕ್ಕೆ ನೆಲದಾಳದಿಂದ ತಾಮ್ರದ ಅದಿರನ್ನು ತೆಗೆಯುತ್ತಿದ್ದರು. ಆ ಲೋಹವನ್ನು ಪಡೆಯಲು ಪಡುವ ಪಾಡನ್ನು ಕಂಡ ಜಿಲ್ಲೆಯವರು ನಾವು, ಅದನ್ನು ಇಷ್ಟು ಸುಲಭವಾಗಿ ಕಳೆಯಬಾರದು. ಕಾನೂನಿನ ದೃಷ್ಟಿಯಿಂದಲೂ ಹಳೆಯ ಭಾಗಗಳನ್ನು ಉಳಿಸಿಕೊಳ್ಳುವುದು ಜಾಣತನ. 2021ರಲ್ಲಿ ಕೇಂದ್ರ ಸರಕಾರವು 50 ವರ್ಷ ಮೀರಿದ ವಾಹನಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸುವ ನಿಯಮಗಳನ್ನು ಮಾಡಿತು. ವಾಹನವು ಮೂಲರೂಪದಲ್ಲಿರಬೇಕೆಂಬುದು ಅದರ ಮುಖ್ಯ ಷರತ್ತು. ಅಂಬಾಸಡರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಇನ್ನು ಮುಂದೆ ಮೂಲಭಾಗಗಳು ಹುಟ್ಟುವುದಿಲ್ಲ.

ಕಾರು ಕಾದರೆ ಏನನ್ನೂ ಕೊಳ್ಳುವ ಮೊದಲು ಅದು ಯಾವಾಗ ಕಾಯುತ್ತದೆಂಬುದನ್ನು ಗಮನಿಸಬೇಕು. ನಿಂತಾಗ, ಸಂತೆಯ ಬೀದಿಯಲ್ಲಿ ತೆವಳುವಾಗ ಕಾದು, ಹೆದ್ದಾರಿಯಲ್ಲಿ ಓಡುವಾಗ ತಣಿದರೆ ದೋಷ ಗಾಳಿಯದು: ಫ್ಯಾನ್ ಬೆಲ್ಟು ಸಡಿಲವಾಗಿರಬಹುದು, ರೆಕ್ಕೆಗಳ ನಡುವೆ ಧೂಳು, ಹುಳುಹುಪ್ಪಟೆ ತುಂಬಿರಬಹುದು. ಓಡುವಾಗಲೇ, ಏರು ಹತ್ತುವಾಗಲೇ ಕಾದರೆ ದೋಷ ಬಹುಶಃ ನೀರಿನ ಹಾದಿಯದು. ಕಿಡಿ ಹಾರುವ ಹೊತ್ತು ತಪ್ಪಿದ್ದರೂ ಎಂಜಿನು ಕಾಯುವುದು. ಥರ್ಮೋಸ್ಟಾಟನ್ನು ಕಿತ್ತೆಸೆಯುವ ಮೆಕ್ಯಾನಿಕರ ಚಾಳಿಯನ್ನಂತೂ ನಾವು ಒಪ್ಪಲಾರೆವು; ಜ್ವರವಿದೆಯೆಂದು ಥರ್ಮಾಮೀಟರನ್ನು ಒಡೆದಂತಾಯಿತು ಅದು.

ಮುಚ್ಚಳವನ್ನೂ ಮರೆಯಬಾರದು. ಚಿತ್ರದುರ್ಗವು ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ನೀರು 97.5 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ವಾಯುಮಂಡಲಕ್ಕಿಂತ ಅರ್ಧ ಪಾಲು ಹೆಚ್ಚು ಒತ್ತಡವನ್ನು ತಡೆಯುವ ಮುಚ್ಚಳವಿದ್ದರೆ ಅದು 109 ಡಿಗ್ರಿಯವರೆಗೆ ಏರುತ್ತದೆ. ಮುಚ್ಚಳದ ರಬ್ಬರು ಸವೆದಿದ್ದರೆ ಈ ಹನ್ನೊಂದು ಡಿಗ್ರಿ ನಷ್ಟ. ಬಿಸಿಯಾದ ಮುಚ್ಚಳವನ್ನು ತೆರೆಯುವುದು ಕೂಗುತ್ತಿರುವ ಕುಕ್ಕರನ್ನು ತೆರೆದಷ್ಟೇ ಅಪಾಯ. ಪ್ರಯೋಗದ ಉತ್ಸಾಹದಲ್ಲಿ ಯಾರೂ ಹಾಗೆ ಮಾಡಕೂಡದು. ಮತ್ತೊಂದು ಸಂಗತಿ: 90 ಡಿಗ್ರಿಯ ರೇಡಿಯೇಟರಿಗೂ 25 ಡಿಗ್ರಿಯ ಜನವರಿಯ ಗಾಳಿಗೂ ಅಂತರ 65, 38 ಡಿಗ್ರಿಯ ಬೇಸಗೆಯ ಗಾಳಿಗೆ ಅಂತರ 52. ನ್ಯೂಟನ್ನನ ನಿಯಮದ ಪ್ರಕಾರ ತಣಿಸುವ ಶಕ್ತಿ ಐದರಲ್ಲೊಂದು ಪಾಲು ತಾನಾಗಿ ಇಳಿಯಿತು. ಚಳಿಗಾಲದಲ್ಲಿ ಸುಮ್ಮನಿದ್ದ ದೋಷ ಏಪ್ರಿಲಿನಲ್ಲಿ ಬಾಯಿಬಿಡುವುದು ಇದರಿಂದಲೇ.

ಹಳೆಯ ರೇಡಿಯೇಟರು ತೀರ ಕೊಳೆತುಹೋಗಿ, ಹಿತ್ತಾಳೆಯ ಹೊಸ ಕೊಳವೆಗಳ ಗೂಡನ್ನು ಕೂರಿಸುವವರೂ ಸಿಗದಿದ್ದರೆ ಅಲ್ಯೂಮಿನಿಯಮನ್ನು ಹಾಕಿಸುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಮೊದಲು ಎಂಜಿನಿನ ನೀರಿನ ಓಣಿಗಳನ್ನು ಚೊಕ್ಕಟ ಮಾಡತಕ್ಕದ್ದು. ಲವಣ ತೆಗೆದ ನೀರು ಮತ್ತು ಅಲ್ಯೂಮಿನಿಯಮಿಗೆ ಒಪ್ಪುವ ಕೂಲಂಟು ಇವೆರಡನ್ನು ಬಿಟ್ಟು ಬೇರೇನನ್ನೂ ಹೊಯ್ಯಬಾರದು. ಡಬ್ಬಿಯ ಮೇಲೆ ಹೇಳಿದ ಅವಧಿಗೆ ತಪ್ಪದೆ ಅದನ್ನು ಬದಲಿಸತಕ್ಕದ್ದು, ಏಕೆಂದರೆ ಕಾಯುವ ಲವಣಗಳು ಕಾಲಕ್ರಮದಲ್ಲಿ ತೀರಿಹೋಗುತ್ತವೆ. ರೇಡಿಯೇಟರನ್ನು ರಬ್ಬರಿನ ಮೇಲೆ ಕೂರಿಸಬೇಕು. ಎಂಜಿನಿನಿಂದ ಬ್ಯಾಟರಿಗೆ ಹೋಗುವ ಅರ್ತ್ ತಂತಿ ಸಡಿಲವಾಗಿದ್ದರೆ ವಿದ್ಯುತ್ತು ದ್ರವದ ಮೂಲಕ ಹಾದಿ ಹುಡುಕುವುದು. ಇದನ್ನು ವಿದ್ಯಾರ್ಥಿಗಳೇ ಪರೀಕ್ಷಿಸಬಹುದು: ಎಂಜಿನು ಪೂರ್ತಿ ತಣಿದಿರುವಾಗ ಮುಚ್ಚಳ ತೆಗೆದು, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ತುದಿಗೂ ಇನ್ನೊಂದನ್ನು, ಲೋಹಕ್ಕೆ ತಾಗದಂತೆ, ದ್ರವಕ್ಕೂ ಹಿಡಿದು ದೀಪಗಳನ್ನು ಹೊತ್ತಿಸಿ ನೋಡಿ. 0.3 ವೋಲ್ಟಿಗಿಂತ ಹೆಚ್ಚು ತೋರಿದರೆ ತಂತಿಗಳನ್ನು ಬಿಗಿಮಾಡಿಸಬೇಕು.

ನಮ್ಮ ಮಿತ್ರರ ಕಾರಿನ ಬ್ಲಾಕನ್ನು ಮೂರು ಸಲ ತೊಳೆಸಿದೆವು. ಮೊದಲ ಸಲ ಬಂದ ನೀರು ಕೆಮ್ಮಣ್ಣಿನ ಬಣ್ಣದ್ದಾಗಿತ್ತು; ಸುಣ್ಣದ ಚಕ್ಕೆಗಳು ಒಂದು ಹಿಡಿಯಷ್ಟು ದೊರೆತುವು. ಬೆಲ್ಟನ್ನು ಬಿಗಿಸಿ, ಹೊಸ ಮುಚ್ಚಳವನ್ನೂ ಥರ್ಮೋಸ್ಟಾಟನ್ನೂ ಹಾಕಿಸಿ, ಹಳೆಯ ಹಿತ್ತಾಳೆಯ ರೇಡಿಯೇಟರನ್ನು ಕೂರಿಸಿ, ಲವಣ ತೆಗೆದ ನೀರಿಗೆ ಕೂಲಂಟು ಬೆರಸಿ ತುಂಬಿದೆವು. ಮರುವರ್ಷದ ಏಪ್ರಿಲಿನಲ್ಲಿ ಅದೇ ಕಾರಿನಲ್ಲಿ ಹೊಸದುರ್ಗದಿಂದ ಹೊಳಲ್ಕೆರೆಯ ಮೇಲೆ ಚಿತ್ರದುರ್ಗಕ್ಕೆ ಬಂದೆವು. ಹುಣಿಸೆಯ ಮರದ ಬಳಿ ಯಜಮಾನರು ಬೇಕೆಂದೇ ನಿಲ್ಲಿಸಿದರು. ಮುಳ್ಳು ನಡುವಿನಿಂದ ಅಲುಗಿರಲಿಲ್ಲ. ಹಸುವಿನ ಹಣದ ಮಾತನ್ನು ನಾವೇ ಎತ್ತಿದೆವು. ಅವರು “ಬಿಡಿ ಮೇಷ್ಟ್ರೆ” ಎಂದು ಮಾತು ಬದಲಿಸಿದರು. ಕೊಯ್ದ ಅಲ್ಯೂಮಿನಿಯಮ್ ರೇಡಿಯೇಟರಿನ ಒಂದು ತುಂಡು ನಮ್ಮ ಪ್ರಯೋಗಶಾಲೆಯ ಮೇಜಿನ ಮೇಲಿದೆ. ವೋಲ್ಟನ ಕೋಶದ ಪಾಠ ಬಂದಾಗ ಅದನ್ನು ಕೈಯಿಂದ ಕೈಗೆ ಕಳುಹಿಸುತ್ತೇವೆ.